ಒಬ್ಬರನ್ನು ಕೊಡಿ ಎಂದರೆ

ಹೊಸಬರು ಯಾರಾದರೂ ಸಿಕ್ಕಿದರೆ ನಾವು ಹೆಂಗಸರು ಮೊದಲು ಕೇಳುವುದು ಒಂದೇ ಪ್ರಶ್ನೆ. "ನಿಮ್ಮ ಊರು ಯಾವುದು?" ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರನ್ನು ಕೇಳುತ್ತೇವೆ. ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತೇವೆ. ಆಸ್ಪತ್ರೆಯಲ್ಲಿ ಎದುರು ಮಂಚದ ಬಾಣಂತಿಯನ್ನೂ ಬಿಡುವುದಿಲ್ಲ. ಉತ್ತರ ಸಿಕ್ಕಿದ ಕೂಡಲೇ ಅವರಿಗೂ ನಮಗೂ ನಡುವೆ ಒಂದು ದಾರಿ ತೆರೆದ ಹಾಗೆ. ಅಲ್ಲಿಗೆ ನಮ್ಮ ಚಿಕ್ಕಮ್ಮನ ನಾದಿನಿಯನ್ನು ಕೊಟ್ಟಿದೆ ಎಂದೋ, ಅಲ್ಲಿಯ ಜಾತ್ರೆಗೆ ನಾನು ಸಣ್ಣವಳಿದ್ದಾಗ ಹೋಗಿದ್ದೆ ಎಂದೋ ಮಾತು ಮುಂದುವರಿಯುತ್ತದೆ. ಈ ಪ್ರಶ್ನೆಯಿಂದ ಯಾರಿಗಾದರೂ ನೋವಾಗಬಹುದೆಂದು ಮೂವತ್ತು ವರ್ಷ ದಾಟುವವರೆಗೂ ನನಗೆ ಹೊಳೆದಿರಲಿಲ್ಲ.

2001ರ ಫೆಬ್ರವರಿಯಲ್ಲಿ ಹೊಳೆಯಿತು. ಆ ವರ್ಷ ಜನಗಣತಿ. ಮಾಸ್ತರರಿಗೆ, ಟೀಚರುಗಳಿಗೆ ಆ ಕೆಲಸ ತಪ್ಪಿದ್ದಲ್ಲ. ನನಗೆ ಬಂದ ಭಾಗದಲ್ಲಿ ಸುಳ್ಯ ತಾಲೂಕಿನ ಒಂದು ರಬ್ಬರ್ ತೋಟದ ಕೂಲಿಗಳ ಮನೆಗಳಿದ್ದವು. ಗುಡ್ಡದ ಮೈಯಲ್ಲಿ ಸಾಲಾಗಿ ಕಟ್ಟಿದ ಮನೆಗಳು. ಅಲ್ಲಿರುವವರನ್ನು ನಮ್ಮ ಕಡೆಯವರೆಲ್ಲ "ಸಿಲೋನಿನವರು" ಎನ್ನುವುದು ರೂಢಿ. ಶಾಲೆಯಲ್ಲಿ ನನ್ನ ಸಹಪಾಠಿಗಳಾಗಿಯೂ ಅವರ ಮಕ್ಕಳಿದ್ದರು. ಆದರೆ ಅವರ ಮನೆಯ ಅಂಗಳಕ್ಕೆ ನಾನು ಕಾಲಿಟ್ಟದ್ದು ಅದೇ ಮೊದಲು.

ಒಂದು ಮನೆಯ ಜಗಲಿಯಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಕುಳಿತಿದ್ದರು. ತಮಿಳು ಬೆರೆತ ಕನ್ನಡದಲ್ಲಿ ಚೆನ್ನಾಗಿಯೇ ಮಾತನಾಡುತ್ತಿದ್ದರು. ಹುಟ್ಟಿದ ಸ್ಥಳ ಎಂಬ ಕಾಲಂ ಬಂತು. ಹಟ್ಟನ್ ಹತ್ತಿರದ ಚಾ ತೋಟ ಎಂದರು. ಅವರ ಅಪ್ಪ ಹುಟ್ಟಿದ್ದೂ ಅದೇ ತೋಟದಲ್ಲಂತೆ. ಅಜ್ಜ ಮಾತ್ರ ತಮಿಳು ನಾಡಿನಿಂದ ನಡೆದು ಹೋದವರಂತೆ. "ಹಾಗಾದರೆ ನಿಮ್ಮ ಊರು ಯಾವುದೆಂದು ತಿಳಿಯಬೇಕು ಅಜ್ಜಿ?" ಎಂದು ನಾನು ಕೇಳಿದೆ. ಅವರು ನಕ್ಕರು.

"ಅಲ್ಲಿ ನಮ್ಮನ್ನು ಇಂಡಿಯಾದವರು ಅಂತಿದ್ದರು. ಇಲ್ಲಿ ಸಿಲೋನಿನವರು ಅಂತೀರಿ. ನೀವು ಓದಿದವರು, ಏನಾದರೂ ಬರಕೊಳ್ಳಿ ಟೀಚರಮ್ಮ."

ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಬಿಸಿಲಿನಲ್ಲಿ ಗುಡ್ಡ ಹತ್ತಿ ದಣಿದಿದ್ದೆ. ಅದಕ್ಕಿಂತ ಹೆಚ್ಚಾಗಿ, ಆ ಗುಡ್ಡ ನನಗೆ ಗುರುತಿನದು. ನಾನು ಹುಡುಗಿಯಾಗಿದ್ದಾಗ ಅದು ಕಾಡು. ಅಪ್ಪ ಹಟ್ಟಿಗೆ ಸೊಪ್ಪು ತರುತ್ತಿದ್ದದ್ದು ಅಲ್ಲಿಂದ. ಅಮ್ಮ ಬಚ್ಚಲೊಲೆಗೆ ತರಗೆಲೆ ಗುಡಿಸಿ ತರುತ್ತಿದ್ದದ್ದೂ ಅಲ್ಲಿಂದ. ಅಡಕೆ ತೋಟದ ಬುಡಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ಹಟ್ಟಿ ಬೇಕು, ಹಟ್ಟಿಗೆ ಸೊಪ್ಪು ಬೇಕು. ಕಾಡು ಕಡಿದು ರಬ್ಬರ್ ನೆಟ್ಟ ಮೇಲೆ ಅಪ್ಪ ಸಾಯುವವರೆಗೂ ಆ ಗುಡ್ಡವನ್ನು ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರು ನನ್ನ ಬಾಯಿಯಿಂದ ಮಾತಾಗಿ ಬಂತು. "ಇದೆಲ್ಲ ಮೊದಲು ನಮ್ಮ ಕಾಡಾಗಿತ್ತು ಅಜ್ಜಿ. ನೀವೆಲ್ಲ ಬಂದ ಮೇಲೆ ಹೋಯಿತು."

ಅಜ್ಜಿಗೆ ಸಿಟ್ಟು ಬರಲಿಲ್ಲ. ಈ ವರ್ಷ ಮಳೆ ತಡವಾಯಿತು ಎನ್ನುವ ಹಾಗೆ ಹೇಳಿದರು: "ಹೌದಮ್ಮ. ಅಲ್ಲಿ ಸಿಂಹಳದವರೂ ಇದೇ ಮಾತು ಹೇಳುತ್ತಿದ್ದರು."

ಆ ದಿನ ಮನೆಗೆ ಬಂದು ಊಟ ಮಾಡಿದೆ, ಮಕ್ಕಳ ನೋಟ್ಸು ತಿದ್ದಿದೆ. ಆದರೆ ಆ ಮಾತು ಹೋಗಲಿಲ್ಲ. ಸಮಾಜ ವಿಜ್ಞಾನದ ಟೀಚರಾದ ನನಗೆ ಸಿಂಹಳ ಎಂದರೆ ಏನು ಗೊತ್ತಿತ್ತು? ಅಶೋಕನ ಮಗ ಮಹೇಂದ್ರ, ಮಗಳು ಸಂಘಮಿತ್ರೆ ಬೋಧಿವೃಕ್ಷದ ಕೊಂಬೆಯೊಂದಿಗೆ ಹೋದ ದ್ವೀಪ ಎಂದು ಪ್ರತಿವರ್ಷ ಪಾಠ ಮಾಡುತ್ತಿದ್ದೆ. ಮನೆಯಲ್ಲಿ ರೇಡಿಯೋ ಸಿಲೋನ್ ಕೇಳಿದ ನೆನಪಿತ್ತು. ಅಷ್ಟೆ. ಆಮೇಲಿನ ವರ್ಷಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದುತ್ತ ಹೋದ ಹಾಗೆ, ನಮ್ಮ ಅಪ್ಪನ ಕಥೆಯನ್ನೇ ಯಾರೋ ನೂರೈವತ್ತು ವರ್ಷ ಮೊದಲು ಬರೆದಿಟ್ಟ ಹಾಗೆ ಕಂಡಿತು.

ಪೋರ್ಚುಗೀಸರು 1505ರಲ್ಲಿ ಆ ದ್ವೀಪಕ್ಕೆ ಬಂದರು. 1656ರಲ್ಲಿ ಡಚ್ಚರು ಅವರಿಂದ ಕೊಲಂಬೊ ಕಸಿದುಕೊಂಡರು. ಇಬ್ಬರಿಗೂ ಬೇಕಿದ್ದದ್ದು ಮುಖ್ಯವಾಗಿ ದಾಲ್ಚಿನ್ನಿ. ಇಬ್ಬರೂ ಕರಾವಳಿಯನ್ನು ಹಿಡಿದರೇ ಹೊರತು ನಡುವಿನ ಮಲೆನಾಡಾದ ಕ್ಯಾಂಡಿ ಅವರ ಕೈಗೆ ಸಿಗಲಿಲ್ಲ. ಬುದ್ಧನ ದಂತಧಾತು ಇರುವ ಊರು ಅದು. 1739ರಿಂದ ಅಲ್ಲಿ ಆಳಿದ ರಾಜರ ಮೂಲ ಮಧುರೆಯ ಕಡೆಯ ನಾಯಕ ಮನೆತನ. ಅವರಲ್ಲಿ ಕೀರ್ತಿಶ್ರೀ ರಾಜಸಿಂಹ ಎಂಬವನ ಕಾಲದಲ್ಲಿ ಸಿಂಹಳದಲ್ಲಿ ಪೂರ್ಣ ದೀಕ್ಷೆ ಪಡೆದ ಭಿಕ್ಷುಗಳೇ ಉಳಿದಿರಲಿಲ್ಲ. ದೀಕ್ಷೆ ಕೊಡಲು ಪೂರ್ಣ ದೀಕ್ಷೆಯಾದ ಭಿಕ್ಷುಗಳೇ ಬೇಕು. ಆಗ ಸಯಾಮಿನಿಂದ ಭಿಕ್ಷುಗಳನ್ನು ಕರೆಸಿ, 1753ರಲ್ಲಿ ಆ ಪರಂಪರೆಯನ್ನು ಮತ್ತೆ ಚಿಗುರಿಸಿದ್ದು ಈ ಹೊರಗಿನ ವಂಶದ ಅರಸನ ಆಶ್ರಯ. ಇದನ್ನು ಓದಿದಾಗ ನನಗೆ ಸಂತೋಷವಾಯಿತು. ಆದರೆ ಮುಂದಿನ ಸಾಲು ಓದಿ ಸಂತೋಷ ಇಳಿಯಿತು. ಆ ಹೊಸ ಪಂಗಡದಲ್ಲಿ ದೀಕ್ಷೆ ಮೇಲಿನ ಜಾತಿಯವರಿಗೆ ಮಾತ್ರ ಎಂದಾಯಿತಂತೆ. ದಾಲ್ಚಿನ್ನಿ ಸುಲಿಯುವ ಜಾತಿಯ ಒಬ್ಬರು ತಮ್ಮ ಸಂಗಡಿಗರೊಂದಿಗೆ ಬರ್ಮಾದ ಅಮರಪುರಕ್ಕೆ ಹೋಗಿ ದೀಕ್ಷೆ ಪಡೆದು 1803ರಲ್ಲಿ ಮರಳಿದರು, ಬೇರೆಯೇ ಪಂಗಡ ಕಟ್ಟಿದರು. ಜಾತಿ ಬೇಡವೆಂದ ಬುದ್ಧನ ಸಂಘದ ಬಾಗಿಲಲ್ಲೂ "ಯಾವ ಊರು, ಯಾರ ಪೈಕಿ?" ಎಂಬ ಪ್ರಶ್ನೆ ಕಾದು ನಿಂತಿತ್ತು.

1815ರ ಮಾರ್ಚ್ 2ರಂದು ಕ್ಯಾಂಡಿಯ ಮುಖಂಡರೂ ಇಂಗ್ಲಿಷರೂ ಒಪ್ಪಂದ ಮಾಡಿಕೊಂಡರು. ರಾಜನನ್ನು ಇಳಿಸಿ ನಮ್ಮ ವೆಲ್ಲೂರಿಗೆ ಕಳುಹಿಸಿದರು. ಅವನು 1832ರಲ್ಲಿ ಅಲ್ಲಿಯೇ ತೀರಿಕೊಂಡ. ಬುದ್ಧನ ಧರ್ಮವನ್ನು ಕಾಪಾಡುತ್ತೇವೆ ಎಂಬ ಮಾತು ಒಪ್ಪಂದದ ಐದನೆಯ ಕಲಮಿನಲ್ಲಿತ್ತು. ಮಿಶನರಿಗಳ ಒತ್ತಾಯಕ್ಕೆ ಆ ಮಾತು ಕ್ರಮೇಣ ಸಡಿಲವಾಯಿತು. ಅದಕ್ಕಿಂತ ಆಳವಾಗಿ ಹೊಡೆದದ್ದು 1840ರ ಕಾನೂನು. ಕಾಡು, ಬಂಜರು, ಉಳದೆ ಬಿಟ್ಟ ಭೂಮಿ ಎಲ್ಲವೂ ಸರಕಾರದ್ದು. ಅಲ್ಲವೆನ್ನುವವರು ಕಾಗದ ತೋರಿಸಲಿ ಎಂದಿತು. ಕ್ಯಾಂಡಿಯ ರೈತನಿಗೆ ಗದ್ದೆಯ ಮೇಲಿನ ಕಾಡೆಂದರೆ ಸೌದೆ, ದನದ ಮೇವು, ಮನೆ ಕಟ್ಟಲು ಮರ. ಜತೆಗೆ ಅಲ್ಲಿ ನಾಲ್ಕಾರು ವರ್ಷಕ್ಕೊಮ್ಮೆ ಕಡಿದು ಸುಟ್ಟು ರಾಗಿ ಬಿತ್ತುತ್ತಿದ್ದ. ನಮ್ಮ ಹಿರಿಯರು ಕುಮೇರಿ ಎನ್ನುತ್ತಿದ್ದರಲ್ಲ, ಅದನ್ನು ಅವರು ಹೇನ ಎನ್ನುತ್ತಾರೆ. ಅಜ್ಜನ ಕಾಲದಿಂದ ಹೋಗಿ ಬರುತ್ತಿದ್ದ ಕಾಡಿಗೆ ಕಾಗದ ಎಲ್ಲಿಂದ ಬರಬೇಕು?

ಆ ಭೂಮಿ ಎಕರೆಗೆ 5 ಶಿಲಿಂಗಿನಂತೆ ಮಾರಾಟವಾಯಿತು. ಕೊಂಡವರಲ್ಲಿ ಸರಕಾರದ ದೊಡ್ಡ ಅಧಿಕಾರಿಗಳೇ ಇದ್ದರು. ಬೆಟ್ಟಗಳೆಲ್ಲ ಕಾಫಿ ತೋಟವಾದವು. 1848ರಲ್ಲಿ ಹೊಸ ತೆರಿಗೆಗಳ ಭಾರವೂ ಸೇರಿ ಮಾತಲೆಯ ಕಡೆ ಜನ ದಂಗೆಯೆದ್ದರು. ಅದನ್ನು ಹತ್ತಿಕ್ಕುವಾಗ ಒಬ್ಬ ಭಿಕ್ಷುವನ್ನು ಕಾವಿ ಬಟ್ಟೆಯಲ್ಲಿಯೇ ನಿಲ್ಲಿಸಿ ಗುಂಡಿಕ್ಕಿ ಕೊಂದರು.

ಇದು ಸಿಂಹಳದ ರೈತನ ನೋವು. ಸಣ್ಣದಲ್ಲ.

ಈಗ ಅಜ್ಜಿಯ ಕಡೆಯ ಕಥೆ. ತೋಟದಲ್ಲಿ ವರ್ಷವಿಡೀ ಕೂಲಿಗೆ ದುಡಿಯಲು ಕ್ಯಾಂಡಿಯ ರೈತರು ಹೆಚ್ಚಾಗಿ ಮುಂದೆ ಬರಲಿಲ್ಲ. ಅವರಿಗೆ ಗದ್ದೆಯಿತ್ತು, ಮಾನವಿತ್ತು. ಆಗ ತೋಟದವರು ಕಡಲಾಚೆ ನೋಡಿದರು. ಬರ, ಸಾಲ, ಜಾತಿಯ ಕಾಟದಲ್ಲಿ ಬೆಂದಿದ್ದ ತಮಿಳು ಜಿಲ್ಲೆಗಳಿಂದ ಕಂಗಾಣಿಗಳು ಜನರನ್ನು ಕರೆತಂದರು. ಕಂಗಾಣಿ ಎಂದರೆ ಮೇಸ್ತ್ರಿ. ಮುಂಗಡ ಕೊಡುವವನೂ ಅವನೇ, ಲೆಕ್ಕ ಬರೆಯುವವನೂ ಅವನೇ. ದೋಣಿಯಲ್ಲಿ ಮನ್ನಾರಿಗೆ ಬಂದು ಅಲ್ಲಿಂದ ಕಾಡಿನ ದಾರಿಯಲ್ಲಿ ಮಾತಲೆಯವರೆಗೆ ನಡೆಯಬೇಕು. ನೀರಿಲ್ಲ, ಜ್ವರ, ವಾಂತಿಭೇದಿ. ದಾರಿಯಲ್ಲಿ ಬಿದ್ದವರನ್ನು ಅಲ್ಲಿಯೇ ಬಿಟ್ಟು ಉಳಿದವರು ಮುಂದೆ ನಡೆದರು.

1869ರಲ್ಲಿ ಕಾಫಿಯ ಎಲೆಗೆ ತುಕ್ಕು ರೋಗ ಕಾಣಿಸಿತು. ಇಪ್ಪತ್ತು ವರ್ಷದೊಳಗೆ ಕಾಫಿ ನೆಲಕಚ್ಚಿತು. ಅದಾಗಲೇ 1867ರಲ್ಲಿ ಜೇಮ್ಸ್ ಟೇಲರ್ ಎಂಬಾತ ಲೂಲೆಕಂದೆರ ಎಂಬಲ್ಲಿ 19 ಎಕರೆ ಚಾ ನೆಟ್ಟಿದ್ದ. ಶತಮಾನ ಮುಗಿಯುವಾಗ ಚಾ ತೋಟ 3 ಲಕ್ಷ ಎಕರೆಯನ್ನೂ ಮೀರಿತ್ತು. ಕಾಫಿಗೂ ಚಾಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾಫಿ ಹಣ್ಣು ಕೊಯ್ಲು ಮುಗಿದರೆ ಕೂಲಿಯವನು ಊರಿಗೆ ಹೋಗಬಹುದು. ಚಾ ಎಲೆ ವರ್ಷವಿಡೀ ಚಿಗುರುತ್ತದೆ, ವಾರಕ್ಕೊಮ್ಮೆ ಕೊಯ್ಯಲೇಬೇಕು. ಕೊಯ್ಯಲು ಹೆಂಗಸರ ಬೆರಳು ಬೇಕು. ಹಾಗಾಗಿ ಗಂಡಸರ ಜತೆ ಹೆಂಗಸರೂ ಬಂದರು, ಸಂಸಾರಗಳು ಬಂದವು, ಸಾಲುಮನೆಗಳಲ್ಲಿ ಮಕ್ಕಳು ಹುಟ್ಟಿದರು. ಹೆಂಗಸರಿಗೆ ಕೂಲಿ ಮಾತ್ರ ಗಂಡಸರಿಗಿಂತ ಕಡಿಮೆ. ಒಂದು ಬೆಳೆ ಬದಲಾದದ್ದರಿಂದ ಒಂದು ಜನಾಂಗವೇ ಆ ಬೆಟ್ಟದಲ್ಲಿ ಬೇರೂರಿತು. ನಮ್ಮ ಬೆಳಗಿನ ಲೋಟದ ಚಾದಲ್ಲಿ ಇಂಥ ಕಥೆಯಿದೆ ಎಂದು ನನಗೆ ಯಾರೂ ಪಾಠ ಮಾಡಿರಲಿಲ್ಲ.

ಇತ್ತ ಸಿಂಹಳದ ಬೌದ್ಧರೂ ಸುಮ್ಮನೆ ಕುಳಿತಿರಲಿಲ್ಲ. ಸರಕಾರಿ ನೌಕರಿ ಬೇಕಾದರೆ ಮಿಶನ್ ಶಾಲೆಗೇ ಹೋಗಬೇಕಾಗಿದ್ದ ಕಾಲ ಅದು. 1873ರಲ್ಲಿ ಪಾಣದುರೆ ಎಂಬಲ್ಲಿ ಗುಣಾನಂದ ಎಂಬ ಭಿಕ್ಷು ಸಾವಿರಾರು ಜನರ ಎದುರು ಪಾದ್ರಿಗಳೊಂದಿಗೆ ವಾದ ಮಾಡಿದರು. ಆ ಸುದ್ದಿ ಅಮೆರಿಕದವರೆಗೂ ಹೋಗಿ, 1880ರಲ್ಲಿ ಕರ್ನಲ್ ಆಲ್ಕಾಟ್ ಬಂದು ಬೌದ್ಧ ಶಾಲೆಗಳಿಗೆ ಚಾಲನೆ ಕೊಟ್ಟರು. 1889ರಲ್ಲಿ ಸಿಂಹಳದ ಹೆಂಗಸರೇ ಹೆಣ್ಣುಮಕ್ಕಳ ವಿದ್ಯೆಗಾಗಿ ಸಂಘ ಕಟ್ಟಿದರು. 1891ರಲ್ಲಿ ಮರೀ ಮ್ಯೂಸಿಯಸ್ ಹಿಗಿನ್ಸ್ ಎಂಬ ಜರ್ಮನ್ ವಿಧವೆ ಅಲ್ಲಿಗೆ ಬಂದು ಹುಡುಗಿಯರಿಗೆ ಕಲಿಸುತ್ತ ಅಲ್ಲಿಯೇ ಉಳಿದರು. ಅವರ ಹೆಸರಿನ ಶಾಲೆ ಕೊಲಂಬೊದಲ್ಲಿ ಇಂದಿಗೂ ಇದೆ. ಬಿದ್ದವರು ತಲೆಯೆತ್ತಿ ನಿಲ್ಲುವುದನ್ನು ಓದುವಾಗ ಟೀಚರಾದ ನನ್ನ ಮನಸ್ಸು ತುಂಬಿ ಬಂತು.

ಆದರೆ ತಲೆಯೆತ್ತಿದವರ ಕಣ್ಣು ಎಲ್ಲಿ ನೆಟ್ಟಿತು? ಅನಗಾರಿಕ ಧರ್ಮಪಾಲರಂಥ ದೊಡ್ಡವರು ಜನರಲ್ಲಿ ಸ್ವಾಭಿಮಾನ ತುಂಬಿದರು, ಅದೇ ಬಾಯಿಯಲ್ಲಿ ಹೊರಗಿನಿಂದ ಬಂದ ವ್ಯಾಪಾರಿಗಳನ್ನು ಹಳಿದರು. 1915ರಲ್ಲಿ ಕ್ಯಾಂಡಿಯಲ್ಲಿ ವೈಶಾಖದ ಮೆರವಣಿಗೆ ಮಸೀದಿಯ ಮುಂದೆ ಹೋಗುವ ವಿಷಯದಲ್ಲಿ ಕಲಹ ಎದ್ದು, ಮುಸಲ್ಮಾನರ ಮೇಲೆ ದೊಡ್ಡ ದಾಳಿಯಾಯಿತು. ಬುದ್ಧ ಹುಟ್ಟಿದ ದಿನವೆಂದು ಆಚರಿಸುವ ಹಬ್ಬದಲ್ಲಿ! ಆಗ ಇಂಗ್ಲಿಷರು ವಿಚಾರಣೆಯಿಲ್ಲದೆ ಜೈಲಿಗೆ ಹಾಕಿದವರಲ್ಲಿ ಡಿ. ಎಸ್. ಸೇನಾನಾಯಕೆಯೂ ಒಬ್ಬರು.

1931ರಲ್ಲಿ ಆ ದ್ವೀಪದ ಹೆಂಗಸರಿಗೂ ಗಂಡಸರಿಗೂ ಸಮಾನವಾಗಿ ಮತದ ಹಕ್ಕು ಬಂತು. ನಮಗೆ ಬರುವುದಕ್ಕಿಂತ ಎಷ್ಟೋ ಮೊದಲು. ತೋಟದ ಹೆಂಗಸರಲ್ಲಿಯೂ ಹಲವರು ಮತ ಹಾಕಿದರು. ಆ ಕಾಲದಲ್ಲಿ ನಟೇಶ ಅಯ್ಯರ್ ತೋಟದ ಕೂಲಿಗಳ ಸಂಘ ಕಟ್ಟಿದರೆ, ಅವರ ಪತ್ನಿ ಮೀನಾಕ್ಷಿ ಅಮ್ಮಾಳ್ ಸಭೆಗಳಲ್ಲಿ ತಾವೇ ಕಟ್ಟಿದ ಹಾಡು ಹಾಡಿ ಜನ ಸೇರಿಸುತ್ತಿದ್ದರು. 1948ರಲ್ಲಿ ಸ್ವಾತಂತ್ರ್ಯ ಬಂತು. ಅದೇ ವರ್ಷ ಪೌರತ್ವದ ಕಾನೂನು ಬಂತು. ಅಪ್ಪ, ಅಜ್ಜ ಅಲ್ಲಿಯೇ ಹುಟ್ಟಿದವರೆಂದು ಕಾಗದ ತೋರಿಸಿ ಎಂದಿತು ಆ ಕಾನೂನು. ಸಾಲುಮನೆಯಲ್ಲಿ ಹುಟ್ಟಿದವರಿಗೆ ಕಾಗದ ಎಲ್ಲಿಂದ ಬರಬೇಕು? ಲಕ್ಷಾಂತರ ಜನ ಯಾವ ದೇಶಕ್ಕೂ ಸೇರದವರಾದರು. ಮರುವರ್ಷ ಮತದ ಹಕ್ಕೂ ಹೋಯಿತು. ಆಗ ಪ್ರಧಾನಿಯಾಗಿದ್ದವರು, 1915ರಲ್ಲಿ ಅನ್ಯಾಯವಾಗಿ ಜೈಲು ಕಂಡಿದ್ದ ಅದೇ ಸೇನಾನಾಯಕೆ.

ನನ್ನನ್ನು ಕಾಡಿದ ಪ್ರಶ್ನೆ ಇದು. ನೊಂದವರಿಗೆ ಇನ್ನೊಬ್ಬರ ನೋವು ಬೇಗ ಅರ್ಥವಾಗಬೇಕಲ್ಲವೇ? ಹಾಗೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಆದರೆ ಸೊಸೆಯಾಗಿ ಅತ್ತವಳೇ ಅತ್ತೆಯಾದಾಗ ಅಳಿಸುವುದನ್ನು ನಾವೇ ನೋಡಿಲ್ಲವೇ? 1840ರಲ್ಲಿ ಕಾಗದ ಕೇಳಿ ರೈತನ ಕಾಡು ಕಿತ್ತರು. 1948ರಲ್ಲಿ ಕಾಗದ ಕೇಳಿ ಕೂಲಿಯ ನೆಲೆ ಕಿತ್ತರು. ಅದೇ ಉಪಾಯ, ಕೈ ಮಾತ್ರ ಬೇರೆ.

ನೋವಿನ ಗುಣವೇ ಹಾಗೆಂದು ನನಗೆ ಈಗ ತೋರುತ್ತದೆ. ಅದು ನಿಜವಾಗಿ ಕಿತ್ತುಕೊಂಡವನನ್ನು ಹುಡುಕುವುದಿಲ್ಲ, ಹತ್ತಿರ ಕಾಣುವವರನ್ನು ಹಿಡಿಯುತ್ತದೆ. 5 ಶಿಲಿಂಗಿಗೆ ಬೆಟ್ಟ ಕೊಂಡವನು ಲಂಡನ್ನಿನಲ್ಲಿದ್ದ. ಬೆನ್ನಿಗೆ ಬುಟ್ಟಿ ಕಟ್ಟಿದ ಹೆಂಗಸು ಮಾತ್ರ ದಿನಾ ಕಣ್ಣೆದುರಿಗಿದ್ದಳು. ಹಾಗೆಂದು ಎಲ್ಲ ತಪ್ಪನ್ನೂ ಕ್ಯಾಂಡಿಯ ರೈತನ ತಲೆಗೆ ಕಟ್ಟುವುದು ಸರಿಯಲ್ಲ. 1948ರ ಕಾನೂನು ಮಾಡಿದವರು ಕಾಡು ಕಳೆದುಕೊಂಡವರಲ್ಲ. ಅವರಲ್ಲಿ ಹಲವರು ಸ್ವತಃ ತೋಟದ ಒಡೆಯರು. ತೋಟದವರ ಮತ ಎಡಪಕ್ಷಗಳಿಗೆ ಹೋದೀತೆಂಬ ಲೆಕ್ಕ ಅವರದು. ಬಡವನ ನೋವನ್ನು ತೋರಿಸಿ ಉಳ್ಳವನು ತನ್ನ ಕೆಲಸ ಮಾಡಿಕೊಳ್ಳುವುದು ಆ ದ್ವೀಪಕ್ಕೆ ಮಾತ್ರ ಸೇರಿದ ವಿಷಯವಲ್ಲ.

ಇದಕ್ಕೆ ಧರ್ಮ ಏನೂ ಹೇಳಲಿಲ್ಲವೇ? ಹೇಳಿತ್ತು. ಅದೂ ಅದೇ ಮಣ್ಣಿನಲ್ಲಿ, ಅನುರಾಧಪುರದಲ್ಲಿ, ಐದನೆಯ ಶತಮಾನದಲ್ಲಿಯೇ. ಬುದ್ಧಘೋಷರ 'ವಿಸುದ್ಧಿಮಗ್ಗ'ದಲ್ಲಿ ಮೈತ್ರಿಯನ್ನು ಕಲಿಯುವ ಕ್ರಮವಿದೆ. ಮೊದಲು ನಿನಗೆ ನೀನೇ ಒಳ್ಳೆಯದನ್ನು ಬಯಸು, ಆಮೇಲೆ ಪ್ರೀತಿಪಾತ್ರರಿಗೆ, ಆಮೇಲೆ ಸಂಬಂಧವಿಲ್ಲದವರಿಗೆ, ಕೊನೆಗೆ ಹಗೆಯವರಿಗೆ. ಅಲ್ಲಿ ಒಂದು ದೃಷ್ಟಾಂತ ಬರುತ್ತದೆ. ಒಬ್ಬ ಸಾಧಕ ಕುಳಿತಿದ್ದಾನೆ. ಜತೆಗೆ ಅವನಿಗೆ ಬೇಕಾದವನೊಬ್ಬ, ಬೇಕೂ ಬೇಡವೂ ಅಲ್ಲದವನೊಬ್ಬ, ಬೇಡವಾದವನೊಬ್ಬ. ಕಳ್ಳರು ಬಂದು, ಬಲಿಗೆ ನಿಮ್ಮಲ್ಲಿ ಒಬ್ಬರನ್ನು ಕೊಡಿ ಎನ್ನುತ್ತಾರೆ. ಇವನನ್ನು ಒಯ್ಯಿರಿ ಎಂದು ಅವನು ಎಣಿಸಿದರೆ ಅವನ ಮೈತ್ರಿ ಕಲಿತದ್ದಾಗಲಿಲ್ಲ. ಅಲ್ಲಿಯವರೆಗೆ ನಮಗೂ ಊಹಿಸಲು ಬರುತ್ತದೆ. ನನ್ನನ್ನೇ ಒಯ್ಯಿರಿ ಎಂದರೂ ಆಗಲಿಲ್ಲವಂತೆ! ನಾಲ್ವರಲ್ಲಿ ಕೊಡಬಹುದಾದವರು ಒಬ್ಬರೂ ಕಾಣದೆ ಹೋದಾಗ ಮಾತ್ರ ಗಡಿ ಅಳಿಯಿತು ಎನ್ನುತ್ತದೆ ಆ ಗ್ರಂಥ.

ಸಂಸಾರದಲ್ಲಿ ನಮ್ಮನ್ನೇ ಕೊಟ್ಟುಕೊಳ್ಳುವುದನ್ನು ದೊಡ್ಡ ಗುಣವೆಂದು ನಂಬಿ ಬೆಳೆದವರು ನಾವು. ಮಕ್ಕಳಿಗೆ ಬಡಿಸಿ, ಉಳಿದರೆ ಉಂಡು, ಅದನ್ನೇ ಪುಣ್ಯವೆಂದು ತಿಳಿದವರು. ನೀನೂ ಕೊಡತಕ್ಕವಳಲ್ಲ ಎಂಬ ಮಾತು ನನಗೆ ಹೊಸದು. ತನ್ನನ್ನು ಸುಲಭವಾಗಿ ಕೊಟ್ಟುಕೊಂಡು ರೂಢಿಯಾದವರಿಗೆ ಇನ್ನೊಬ್ಬಳನ್ನು ಕೊಡುವುದೂ ಸುಲಭವಾಗುತ್ತದೆಯೋ ಏನೋ.

1964ರ ಅಕ್ಟೋಬರಿನಲ್ಲಿ ಎರಡು ಸರಕಾರಗಳು ಕುಳಿತು ಆ ಜನರನ್ನು ಹಂಚಿಕೊಂಡವು. ಒಟ್ಟು 9,75,000 ಎಂದು ಅಂದಾಜು. ಭಾರತಕ್ಕೆ 5,25,000, ಸಿಲೋನಿಗೆ 3,00,000. ಉಳಿದ 1,50,000 ಜನರ ಮಾತು ಆಮೇಲೆ ನೋಡೋಣ ಎಂದಾಯಿತು. 1974ರಲ್ಲಿ ಅವರನ್ನೂ ಅರ್ಧರ್ಧ ಮಾಡಿಕೊಂಡರು. ಎರಡು ಕಡೆಯೂ ಕೆಟ್ಟವರೇನೂ ಇರಲಿಲ್ಲ. ನಮ್ಮ ಕಡೆ ಶಾಸ್ತ್ರಿಯವರು, ಆ ಕಡೆ ಸಿರಿಮಾವೊ, ಜಗತ್ತಿನ ಮೊದಲ ಮಹಿಳಾ ಪ್ರಧಾನಿ. ಆದರೂ ಒಬ್ಬರನ್ನು ಕೊಡಿ ಎಂದಾಗ ಲಕ್ಷಗಟ್ಟಲೆ ಎಣಿಸಿ ಕೊಟ್ಟರು, ಲಕ್ಷಗಟ್ಟಲೆ ಎಣಿಸಿ ತೆಗೆದುಕೊಂಡರು. ಅಲ್ಲಿ ಉಳಿದೂ ಪೌರತ್ವ ಸಿಗದವರಿಗೆ ಅದು ಸಿಗುವ ಕಾನೂನು ಬಂದದ್ದು 2003ರಲ್ಲಿ. ಹಡಗಿನಲ್ಲಿ ರಾಮೇಶ್ವರಕ್ಕೆ ಬಂದಿಳಿದವರಲ್ಲಿ ಕೆಲವು ಸಂಸಾರಗಳು ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಕ್ಕೆ ಬಂದವು. ಹೀಗೆ ನಮ್ಮ ಅಪ್ಪನ ಕಾಡಿಗೆ ಅಜ್ಜಿ ಬಂದರು. ಅವರೇನು ಕೇಳಿಕೊಂಡು ಬಂದರೇ?

ಅಪ್ಪನ ಕಾಡು ಎಂದೆನಲ್ಲ. ಅದೂ ಪೂರ್ತಿ ಸರಿಯಲ್ಲ. ನಮಗಿದ್ದದ್ದು ಸೊಪ್ಪು ಸೌದೆ ತರುವ ಅವಕಾಶ ಮಾತ್ರ, ಭೂಮಿ ಸರಕಾರದ್ದೇ. ನಮ್ಮ ಅಡಕೆ ತೋಟದ ಜಾಗವೂ ಒಂದು ಕಾಲಕ್ಕೆ ಕಾಡೇ ಆಗಿತ್ತು. ಆ ಕಾಡುಗಳಲ್ಲಿ ಮಲೆಕುಡಿಯರು ಇದ್ದರು. ನಮ್ಮ ಹಿರಿಯರು ಮೊದಲ ಅಡಕೆ ಸಸಿ ನೆಟ್ಟ ದಿನ ಅವರು ನಮ್ಮನ್ನು ನೋಡಿ ಏನೆಂದುಕೊಂಡರೋ. ನಮ್ಮ ಮನೆಯಲ್ಲಿ ಆ ಕಥೆಯನ್ನು ಯಾರೂ ಹೇಳಲಿಲ್ಲ. ಕಳೆದುಕೊಂಡದ್ದರ ಕಥೆ ಮನೆಮನೆಯಲ್ಲಿ ಇರುತ್ತದೆ, ಪಡೆದುಕೊಂಡದ್ದರ ಕಥೆ ಇರುವುದಿಲ್ಲ.

ಕಾಡು ಹೋದ ಬೇಸರವನ್ನು ನಾನು ಬಿಟ್ಟಿದ್ದೇನೆಯೇ ಎಂದು ನೀವು ಕೇಳಬಹುದು. ಇಲ್ಲ. ಬಿಡಬೇಕೆಂದೂ ಅನಿಸಿಲ್ಲ. ಅಪ್ಪನ ನಿಟ್ಟುಸಿರು ಸುಳ್ಳಲ್ಲ. ಆದರೆ ಅದನ್ನು ಯಾರ ಜಗಲಿಯಲ್ಲಿ ಇಳಿಸಬೇಕೆಂಬುದು ನನ್ನ ಕೈಯಲ್ಲಿತ್ತು, ಅಷ್ಟನ್ನು ತಪ್ಪಿದೆ. ಆ ದಿನ ಅಜ್ಜಿ ಚಾ ಕುಡಿದು ಹೋಗಿ ಎಂದಿದ್ದರು. ಹೊತ್ತಿಲ್ಲ ಎಂದು ಎದ್ದುಬಂದೆ. ಹೊತ್ತು ಇತ್ತು. ಆ ಮನೆಯ ಚಾ ಕುಡಿಯಲು ಮನಸ್ಸಿರಲಿಲ್ಲ. ಅದನ್ನು ನನ್ನಲ್ಲಿಯೇ ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು. ಒಪ್ಪಿಕೊಂಡು ಮತ್ತೆ ಆ ಗುಡ್ಡ ಹತ್ತುವಾಗ ಅಜ್ಜಿ ಇರಲಿಲ್ಲ. ಅವರ ಸೊಸೆ ಚಾ ಮಾಡಿ ಕೊಟ್ಟರು. ನಾನು ಬಂದ ಕಾರಣ ಹೇಳಿದೆ. ಅವರಿಗೆ ನನ್ನ ಮಾತೂ ನೆನಪಿಲ್ಲ, ಅತ್ತೆಯ ಮಾತೂ ನೆನಪಿಲ್ಲ. ಎಷ್ಟು ಜನ ಎಷ್ಟು ಸಲ ಹೇಳಿದ್ದಾರೋ, ಒಂದನ್ನು ನೆನಪಿಟ್ಟುಕೊಳ್ಳುವುದು ಹೇಗೆ?

ಈಗ ಜೂನ್ ತಿಂಗಳಲ್ಲಿ ಹೊಸ ಮಕ್ಕಳು ತರಗತಿಗೆ ಬಂದಾಗ ನಾನು ಊರು ಯಾವುದೆಂದು ಕೇಳುವುದಿಲ್ಲ. ಮನೆ ಎಲ್ಲಿ ಎಂದು ಕೇಳುತ್ತೇನೆ. ಅದಕ್ಕೆ ಎಲ್ಲ ಮಕ್ಕಳ ಹತ್ತಿರವೂ ಉತ್ತರವಿರುತ್ತದೆ. ರಬ್ಬರ್ ತೋಟದ ಮಕ್ಕಳು ಕಿಟಕಿಯ ಕಡೆ ಕೈ ತೋರಿಸುತ್ತಾರೆ. "ಅಲ್ಲಿ ಟೀಚರ್, ಆ ಗುಡ್ಡದಲ್ಲಿ."